ಅನ್‌ಲಿಮಿಟೆಡ್ ಕೊಟ್ಟಿಗೆ

ಈ ಸಲ ಎಪ್ಪತ್ತು ಹಸುಗಳ ಹೆರಿಗೆಯನ್ನು ಅಡುಗೆಮನೆಯ ಕುರ್ಚಿಯಿಂದ ಏಳದೆಯೇ ಮುಗಿಸುತ್ತೇನೆಂದು ವರ್ಲಿನ್ ಕುಚೆರಾ ಫೆಬ್ರವರಿಯಲ್ಲೇ ಘೋಷಿಸಿದ. ನಲವತ್ತು ವರ್ಷ ನೆಬ್ರಾಸ್ಕಾದ ಮಾರ್ಚ್ ಗಾಳಿಯಲ್ಲಿ ಎರಡು ಗಂಟೆಗೊಮ್ಮೆ ಕೊಟ್ಟಿಗೆಗೆ ಓಡಾಡಿ ಅವನ ಮಂಡಿಗಳು ಸವೆದಿದ್ದವು. ಆ ಮಂಡಿಗಳ ಗೌರವಾರ್ಥ ಕೊಟ್ಟಿಗೆಗೆ ನಾಲ್ಕು ಕ್ಯಾಮೆರಾ ಬಂದವು. ಅವನಿದ್ದ ಕಡೆಗೆ ಇಂಟರ್ನೆಟ್ ತಂತಿ ಇನ್ನೂ ಬಂದಿರಲಿಲ್ಲ, ಎಲ್ಲವೂ ಮೊಬೈಲ್ ಕಂಪನಿಯ ಕೃಪೆ. ಹಾಗಾಗಿ ಮಾರ್ಚ್ ಒಂದರಂದು ಅನ್‌ಲಿಮಿಟೆಡ್ ಪ್ಲಾನ್ ಕೂಡ ಮನೆ ತುಂಬಿತು.

"ಅನ್‌ಲಿಮಿಟೆಡ್ ಅಂದ್ರೆ ಏನು ಗೊತ್ತಾ ಆರ್ಡಿತ್? ಮಿತಿಯೇ ಇಲ್ಲ! ಆಕಾಶ ಇದ್ದ ಹಾಗೆ!"

"ಕರಾರುಪತ್ರ ಓದಿದ್ಯಾ?"

"ಆಕಾಶಕ್ಕೆ ಎಂಥ ಕರಾರು?"

ಅವನ ಹೆಂಡತಿ ಆರ್ಡಿತ್ ಓದಿದಳು. ಹನ್ನೊಂದನೆಯ ಪುಟದಲ್ಲಿ, ಇರುವೆಗಳಿಗಾಗಿ ಅಚ್ಚು ಹಾಕಿಸಿದಂಥ ಅಕ್ಷರಗಳಲ್ಲಿ, ಹೆಚ್ಚು ಬಳಸುವ ಗ್ರಾಹಕರ ವೇಗವನ್ನು ತಿಂಗಳ ಕೊನೆಯವರೆಗೆ ತಗ್ಗಿಸಲಾಗುವುದು ಎಂದಿತ್ತು. ಅದನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಿದಳು.

"ಅದು ಪೇಟೆ ಹುಡುಗರಿಗೆ ಕಣೇ, ದಿನವಿಡೀ ಸಿನಿಮಾ ನೋಡ್ತಾರಲ್ಲ, ಅವರಿಗೆ. ನಾವು ನೋಡೋದು ಹಸು!"

ಮೂವತ್ತೆಂಟು ವರ್ಷದಿಂದ ಪ್ರತಿ ಮಾತನ್ನೂ ಎರಡೆರಡು ಸಲ ಹೇಳಿ ದಣಿದಿದ್ದ ಆರ್ಡಿತ್, ಇದನ್ನು ಒಂದೇ ಸಲಕ್ಕೆ ಬಿಟ್ಟಳು.

ಇಪ್ಪತ್ತೆರಡನೆಯ ತಾರೀಖು ಕೊಟ್ಟಿಗೆಯಲ್ಲಿ ಅವಳದೇ ಕೆಂಪು ಕಡಸು ನಿಂತಿತ್ತು. ಮದುವೆಯಲ್ಲಿ ಅವಳಪ್ಪ ಕೊಟ್ಟು ಕಳಿಸಿದ್ದ ಹಸುವಿನ ತಳಿಯಲ್ಲಿ ಉಳಿದಿದ್ದುದು ಇದೊಂದೇ. ಚೊಚ್ಚಲ ಹೆರಿಗೆ. ಇದು ಹೋದರೆ ಆ ತಳಿಯೂ ಹೋದಂತೆಯೇ. ಆರ್ಡಿತ್ ತಾನೇ ಹೋಗಿ ಕೊಟ್ಟಿಗೆಯಲ್ಲಿ ಕೂರುತ್ತಿದ್ದಳು. ಆದರೆ ಚರ್ಚಿನ ಶುಕ್ರವಾರದ ಊಟಕ್ಕೆ ಆರು ಡಜನ್ ಕೊಲಾಚೆ, ಅಂದರೆ ಹಣ್ಣಿನ ಹೂರಣದ ಸಿಹಿ ಬನ್ನು, ಬೇಯಿಸಿಕೊಡಬೇಕಿತ್ತು, ಮೊಣಕೈವರೆಗೆ ಹಿಟ್ಟು ಮೆತ್ತಿತ್ತು.

"ಹೇಗಿದೆ?" ಎಂದು ಒಲೆಯ ಬಳಿಯಿಂದಲೇ ಕೇಳಿದಳು.

ವರ್ಲಿನ್ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಕೊಂಡು ಕೂತಿದ್ದ. "ಚರ್ಚಿನೊಳಗಿನ ಸಂತನ ವಿಗ್ರಹದ ಹಾಗಿದೆ!"

ಅರ್ಧ ಗಂಟೆ ಕಳೆಯಿತು. "ಈಗ?"

"ಹಾಗೇ ಇದೆ. ಏನು ತಾಳ್ಮೆ, ಏನು ತಾಳ್ಮೆ! ನಿನ್ನ ತವರಿನ ತಳಿ ಅಂದ್ರೆ ಯಾರೂ ನಂಬಲ್ಲ."

ಎರಡನೆಯ ತಟ್ಟೆ ಒಲೆಗೆ ಹೋದ ಮೇಲೆ ಅವಳು ಬಂದು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ವರ್ಲಿನ್, ಅದು ಬಾಲ ಎತ್ತಿದೆ."

"ಎತ್ತಲಿ ಬಿಡು, ಅದರ ಬಾಲ."

"ಯಾವಾಗಿಂದ?"

"ಊಟ ಆದಾಗಿಂದ."

"ಒಂದೂವರೆ ಗಂಟೆ ಬಾಲ ಎತ್ತಿಕೊಂಡೇ ನಿಂತಿರೋ ಹಸುನ ನಿನ್ನ ಜನ್ಮದಲ್ಲಿ ನೋಡಿದೀಯಾ? ತೊಲೆ ಹತ್ರ ಆ ಗುಬ್ಬಚ್ಚಿ ನೋಡು! ಹಾರ್ತಾ ಹಾರ್ತಾ ಗಾಳೀಲೇ ನಿಂತುಬಿಟ್ಟಿದೆ! ಮಧ್ಯದಲ್ಲಿ ಆ ಚಕ್ರ ಯಾಕೆ ತಿರುಗ್ತಿದೆ?"

"ಕ್ಯಾಮೆರಾ ಕೆಲಸ ಮಾಡ್ತಿದೆ ಅಂತ ಗುರುತು!"

ಆರ್ಡಿತ್ ಕೋಟನ್ನೂ ಹಾಕಿಕೊಳ್ಳದೆ ಅಂಗಳಕ್ಕೆ ಹಾರಿದಳು. ಸವೆದ ಮಂಡಿಗಳು ಹಿಂದಿನಿಂದ ಕುಂಟುತ್ತ ಬಂದವು.

ಕಡಸು ಮಲಗಿಬಿಟ್ಟಿತ್ತು, ಕಣ್ಣು ಮೇಲಾಗಿತ್ತು. ಹೊರಗೆ ಕಾಣುತ್ತಿದ್ದುದು ಎರಡು ಪುಟ್ಟ ಗೊರಸು, ಅಂಗಾಲು ಮೇಲಾಗಿ. ಕರು ಹಿಂದುಮುಂದಾಗಿ ಬರುತ್ತಿತ್ತು. ಇನ್ನು ತಡವಾದರೆ ಒಳಗೇ ಉಸಿರು ಕಟ್ಟುತ್ತದೆ.

"ಸರಪಳಿ ಕೊಡು, ಬೇಗ!"

ವರ್ಲಿನ್ ಗೋಡೆ ನೋಡಿದ. ಕರು ಎಳೆಯುವ ಸರಪಳಿ ತೂಗುತ್ತಿದ್ದ ಮೊಳೆಯಲ್ಲಿ ಈಗ ಮೂರನೆಯ ಕ್ಯಾಮೆರಾ ತೂಗುತ್ತಿತ್ತು. "ಅದು... ಟ್ರಕ್ಕಲ್ಲಿದೆ. ಟ್ರಕ್ಕು ರಿಪೇರಿಗೆ ಹೋಗಿದೆ."

"ಬೆಲ್ಟ್ ಬಿಚ್ಚು."

"ಯಾರ ಬೆಲ್ಟು?"

"ಬಿಚ್ಚೋ ಅಂದ್ರೆ!"

ಗೊರಸುಗಳ ಮೇಲೆ ಬೆಲ್ಟಿನ ಕುಣಿಕೆ ಬಿತ್ತು. ಕಡಸು ತಿಣುಕಿದಾಗಲೆಲ್ಲ ಆರ್ಡಿತ್ ಎರಡು ಕೈಯಲ್ಲಿ ಎಳೆದಳು, ವರ್ಲಿನ್ ಒಂದೇ ಕೈಯಲ್ಲಿ ಎಳೆದ. ಇನ್ನೊಂದು ಕೈ ಪ್ಯಾಂಟಿನ ಮಾನ ಕಾಯುತ್ತಿತ್ತು. "ಮಾನ ಆಮೇಲೆ ನೋಡ್ಕೋ!" ಎಂದು ಅವಳು ಗದರಿದಳು. ಅವನು ಎರಡೂ ಕೈ ಹಾಕಿದ. ಪ್ಯಾಂಟು ಜಾರಿತು, ಕರುವೂ ಜಾರಿತು, ವರ್ಲಿನ್ ಸೆಗಣಿಯಲ್ಲಿ ಧೊಪ್ಪನೆ ಕೂತ.

ಕರು ಅಲುಗಲಿಲ್ಲ. ಆರ್ಡಿತ್ ಹುಲ್ಲಿನಿಂದ ಅದರ ಎದೆ ಉಜ್ಜಿದಳು, ಬಾಯೊಳಗಿನ ಲೋಳೆ ತೆಗೆದಳು, ಮೂಗಿಗೊಂದು ಹುಲ್ಲುಕಡ್ಡಿ ತುರುಕಿದಳು. ಕರು ಸೀನಿತು. ಹೆಣ್ಣುಗರು. ಮೈತುಂಬ ಕೊಲಾಚೆಯ ಹಿಟ್ಟು. ಕಡಸು ತಿರುಗಿ ಅದನ್ನೂ ಸೇರಿಸಿಯೇ ನೆಕ್ಕತೊಡಗಿತು.

ಮನೆಗೆ ಬಂದವನೇ ವರ್ಲಿನ್ ಒದ್ದೆ ಪ್ಯಾಂಟಿನಲ್ಲೇ ಕಂಪನಿಗೆ ಫೋನ್ ಮಾಡಿ ಗುಡುಗಿದ. ಅಡುಗೆಮನೆಗೆಲ್ಲ ಕೇಳುವಂತೆ ಒಬ್ಬ ಹುಡುಗಿ ಜೇನಿನಂಥ ದನಿಯಲ್ಲಿ ಹೇಳಿದಳು: "ನಿಮ್ಮ ಪ್ಲಾನ್ ಈಗಲೂ ಅನ್‌ಲಿಮಿಟೆಡ್ಡೇ ಸರ್. ವೇಗ ಮಾತ್ರ ಕಡಿಮೆ ಮಾಡಿದೀವಿ. ನೀವು ತುಂಬಾ ಬಳಸಿದೀರಿ."

"ನಾನಲ್ಲ! ನನ್ನ ಹೆಂಡತಿ ಅಡುಗೆ ವೀಡಿಯೋ ನೋಡ್ತಾಳೆ, ಅದು!"

"ಅಲ್ಲ ಸರ್, ನಿಮ್ಮ ಕ್ಯಾಮೆರಾಗಳು. ಒಂದನೇ ತಾರೀಖಿಂದ ನಾಲ್ಕೂ ಹಗಲೂ ರಾತ್ರಿ ಓಡ್ತಾ ಇವೆ. ಅದೂ ಅತಿ ಸ್ಪಷ್ಟ ಚಿತ್ರದಲ್ಲಿ."

ಈ ಸಲದ ಮೊದಲ ಹಸುವಾಗಿ ಆ ಕೆಂಪು ಕಡಸು ಕೊಟ್ಟಿಗೆ ಸೇರಿದ್ದೇ ಹದಿನೇಳರಂದು. ಅಷ್ಟು ದಿನ ವರ್ಲಿನ್ ಕುಚೆರಾನ ಆಕಾಶವೆಲ್ಲ ನಾಲ್ಕು ದಿಕ್ಕಿನಿಂದ ಒಣಹುಲ್ಲು ನೋಡುವುದರಲ್ಲಿ ಖರ್ಚಾಗಿತ್ತು!

ಆರ್ಡಿತ್ ಒಲೆಯತ್ತ ನಡೆದಳು. ಸುಟ್ಟು ಕರಕಲಾದ ಎರಡನೆಯ ತಟ್ಟೆಯನ್ನು ಒಲೆಯಿಂದ ತೆಗೆದು ಅವನ ಮುಂದಿಟ್ಟಳು.

"ಮುಂದಿನ ತಿಂಗಳು ಒಂದಕ್ಕೆ ಎಲ್ಲ ಸರಿಹೋಗತ್ತೆ ಸರ್," ಎಂದಿತು ಜೇನು. "ಅಲ್ಲಿವರೆಗೆ ಕಾಯೋಕಾಗತ್ತಾ?"

ವರ್ಲಿನ್ ಕರಕಲು ಕೊಲಾಚೆಯೊಂದನ್ನು ಬಾಯಿಗೆ ತುರುಕಿಕೊಂಡ. ಆರ್ಡಿತ್ ಫೋನನ್ನು ಅವನ ಕೈಯಿಂದ ತೆಗೆದುಕೊಂಡಳು.

"ಅದನ್ನ ನಾವು ಹೇಳೋಕಾಗಲ್ಲಮ್ಮ. ಇನ್ನೂ ಅರವತ್ತೊಂಬತ್ತು ಹಸು ಬಾಕಿ ಇವೆ. ನನ್ನ ಗಂಡ ಈಗಲೇ ಕೊಟ್ಟಿಗೆಗೆ ಹೊರಟಿದಾನೆ. ಒಂದೊಂದನ್ನೂ ಕೇಳ್ಕೊಂಡು ಬರ್ತಾನೆ."