ಒಂಬತ್ತು ಕಡಲಮುಳ್ಳು, ಒಂಬತ್ತು ಚೀಟಿ

ಹೊಸ ಪಾತ್ರೆ ಮನೆಗೆ ಬಂದರೆ ಮೇಲಿನ ಚೀಟಿ ಕಿತ್ತು, ಹುಣಸೆಹಣ್ಣು ಹಚ್ಚಿ ತೊಳೆಯದೆ ಒಳಗಿಡಬಾರದು ಎಂಬುದು ಸೊರಬದ ಹನುಮಮ್ಮನ ಕಟ್ಟುನಿಟ್ಟು. ಪಾತ್ರೆ ತನ್ನ ಮನೆಯದೇ ಆಗಬೇಕೆಂದಿಲ್ಲ, ಪಕ್ಕದ ಮನೆಯದಾದರೂ ಆದೀತು. ಪಕ್ಕದ ಮನೆ ಸುಬ್ಬಪ್ಪನದು. ಆ ಶುಕ್ರವಾರ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದದ್ದೇ ತಪ್ಪಾಯಿತು.

ಹೋಗುವ ಮುಂಚೆ ಜಗಲಿಯ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದ. ಅದರಲ್ಲಿದ್ದದ್ದು ಮಗಳು ನಯನಳ ಆಸ್ತಿ, ಒಂಬತ್ತು ಕಡಲಮುಳ್ಳುಗಳ ಚಿಪ್ಪು. ಸಮುದ್ರದ ಬಂಡೆಗಳ ಸಂದಿಯಲ್ಲಿ ಮೈಯೆಲ್ಲ ಮುಳ್ಳು ಮಾಡಿಕೊಂಡು ಬದುಕುವ ಪ್ರಾಣಿ ಅದು. ಸತ್ತ ಮೇಲೆ ಮುಳ್ಳುದುರಿ ಚೆಂಡಿನಂಥ ಚಿಪ್ಪು ಉಳಿಯುತ್ತದೆ. ಕಾರವಾರದಲ್ಲಿ ನಯನ ಇದನ್ನೇ ಓದುತ್ತಿದ್ದಳು. ಭಟ್ಕಳದ ಬಂಡೆಗಳಿಂದ ಲಕ್ಷದ್ವೀಪದವರೆಗೆ ಸಿಕ್ಕ ಒಂಬತ್ತು ಜಾತಿ, ಒಂದೊಂದರ ಮೇಲೂ ಹೆಸರಿನ ಚೀಟಿ. ಮಧ್ಯಾಹ್ನ ಎರಡಕ್ಕೆ ಶಿಕಾರಿಪುರದ ಶಾಲೆಯೊಂದರಲ್ಲಿ ಅವುಗಳ ಪ್ರದರ್ಶನ. ಅವಳು ಕಾರವಾರದಿಂದ ನೇರ ಅಲ್ಲಿಗೇ ಬರುವವಳು, ಪೆಟ್ಟಿಗೆ ತರುವುದು ಅಪ್ಪನ ಕೆಲಸ.

ಎಂಟು ವರ್ಷದಲ್ಲಿ ಅವಳು ಅಪ್ಪನಿಗೆ ಒಪ್ಪಿಸಿದ ಮೊದಲ ಕೆಲಸ ಇದು. ಹತ್ತನೇ ಕ್ಲಾಸಿನ ಪರೀಕ್ಷೆಗೆ ಎರಡು ದಿನ ಇರುವಾಗ ಅವಳ ನೋಟ್ಸನ್ನೆಲ್ಲ ಹಳೇ ಪೇಪರಿನ ಜೊತೆ ಗುಜರಿಗೆ ಹಾಕಿದ ಮಹಾನುಭಾವ ಇವನೇ. ಅವತ್ತಿನಿಂದ "ನೀನ್ ಕೂತಿರು ಅಪ್ಪಾ, ನಾನೇ ಮಾಡ್ಕೋತೀನಿ" ಎಂಬ ಒಂದೇ ಮಾತು. ಅವಳು ಸಿಟ್ಟಿನಿಂದ ಹೇಳುತ್ತಿರಲಿಲ್ಲ, ಆದರೂ ಸುಬ್ಬಪ್ಪನಿಗೆ ಪ್ರತಿ ಸಲ ಕರುಳು ಚುರುಕ್ ಅನ್ನುತ್ತಿತ್ತು. ಇವತ್ತು ಫೋನಿನಲ್ಲಿ, "ಹೆಂಗಿದ್ಯೋ ಹಂಗೇ ತಗೊಂಡ್ ಬಾ ಅಪ್ಪಾ. ಏನೂ ಸರಿಮಾಡಕ್ಕೆ ಹೋಗ್ಬೇಡ" ಎಂದಿದ್ದಳು. ಈ ಒಂದು ಕೆಲಸ ನೆಟ್ಟಗೆ ಮಾಡಿಬಿಟ್ಟರೆ ಸಾಕಪ್ಪಾ ದೇವರೇ ಎಂದುಕೊಂಡೇ ಅವನು ಬಚ್ಚಲಿಗೆ ಹೋದದ್ದು.

ಬಂದು ನೋಡಿದರೆ ಪೆಟ್ಟಿಗೆ ಖಾಲಿ! ಬಾವಿಕಟ್ಟೆಯಲ್ಲಿ ಒಂಬತ್ತು ಚಿಪ್ಪೂ ತೊಳೆದು ಬೋರಲು ಹಾಕಿದೆ. ಪಕ್ಕದಲ್ಲಿ ಹನುಮಮ್ಮ ಹುಣಸೆಹಣ್ಣು ಕಿವುಚುತ್ತ ಕೂತಿದ್ದಾಳೆ.

"ಹನುಮಕ್ಕಾ! ಎಂತ ಮಾಡಿದ್ಯೇ!"

"ದೇವ್ರ ಸಾಮಾನಲ್ವನಾ? ಮೇಲೆ ಐದೆಸಳಿನ ಹೂವು ಕೆತ್ತಿದ್ದು ಕಾಣ್ತಲ್ಲ. ಹುಡುಗಿ ಗೋಕರ್ಣದಿಂದ ತಂದಿರ್ಬೇಕು ಅಂದ್ಕಂಡೆ. ನಿನ್ ಹೆಂಡ್ತಿ ರಾಧಮ್ಮ ಬೇರೆ ಚಂದ್ರಗುತ್ತಿಗೆ ಹೋಗಿದಾಳೆ, ಪಾಪ, ನಾನಾದ್ರೂ ತೊಳ್ದಿಡನ ಅಂತ."

"ಚೀಟಿ? ಚೀಟಿ ಎಲ್ಲೋಯ್ತು?"

"ರೇಟಿನ ಚೀಟಿ ಇಟ್ಕಂಡು ಯಾರಾದ್ರೂ ಪೂಜೆ ಮಾಡ್ತಾರನಾ? ಕಿತ್ತು ಕಂಬಕ್ಕೆ ಅಂಟ್ಸಿದೀನಿ ನೋಡು."

ಹುಳಿ ತಾಗಿದರೆ ಚಿಪ್ಪು ನೊರೆ ಬಂದು ಕರಗುತ್ತದೆ ಎಂದು ನಯನ ಯಾವಾಗಲೋ ಹೇಳಿದ್ದಳು. ಸುಬ್ಬಪ್ಪ ಉಟ್ಟ ಟವೆಲಿನಲ್ಲೇ ಹಾರಿ ಹುಣಸೆಹುಳಿಯ ಬಟ್ಟಲು ಕಿತ್ತುಕೊಂಡ. ಚಿಪ್ಪು ಉಳಿದವು. ಆದರೆ ಯಾವ ಹೆಸರು ಯಾವುದಕ್ಕೆ? ಡಯಡೆಮಾ, ಸಾಲ್ಮಾಸಿಸ್, ಎಕೈನೋಮೆಟ್ರಾ... ಒಂದೊಂದೂ ಔಷಧಿ ಅಂಗಡಿಯ ಹೆಸರಿನಂತಿತ್ತು. ಮಗಳಿಗೆ ಫೋನು ಮಾಡೋಣವೆಂದು ತೆಗೆದು, ಬೆವೆತು, ಒಳಗಿಟ್ಟ. ಮಾಡಿದರೆ ಎಂಟು ವರ್ಷದ ಮೇಲೆ ಇನ್ನೆಂಟು ವರ್ಷ ಗ್ಯಾರಂಟಿ.

ಅವಳ ಮೇಜಿನ ಮೇಲೆ ಒಂದು ನೋಟುಬುಕ್ ಸಿಕ್ಕಿತು. ಅದರ ತುಂಬ ಕಡಲಮುಳ್ಳುಗಳ ಚಿತ್ರ, ವಿವರ. ಅದನ್ನೂ ಪೆಟ್ಟಿಗೆಯನ್ನೂ ಕಂಬದಿಂದ ಬಿಡಿಸಿದ ಚೀಟಿಗಳನ್ನೂ ಗೋಂದಿನ ಬಾಟಲಿಯನ್ನೂ ಎದೆಗವಚಿಕೊಂಡು ಶಿಕಾರಿಪುರದ ಬಸ್ ಹತ್ತಿದ.

ಪಕ್ಕದ ಸೀಟಿನಲ್ಲಿ ಜಡೆ ಊರಿನ ಗಂಗಾಧರಪ್ಪ ಕೂತಿದ್ದ. ಸೊರಬದ ಮಂಡಿಯಲ್ಲಿ ಮೂವತ್ತು ವರ್ಷ ಅಡಿಕೆ ಆರಿಸಿದ ಆಸಾಮಿ.

"ಎಂತ ಮಾರಾಯ, ಮೊಟ್ಟೆ ಇಟ್ಟ ಕೋಳಿ ಹಂಗೆ ಕೂತಿದೀಯಲ್ಲ?"

ಸುಬ್ಬಪ್ಪ ಹೇಳಿಕೊಂಡ.

"ಇಷ್ಟೇಯನಾ? ರಾಶಿ ಅಡಿಕೆಗೂ ಬೆಟ್ಟೆ ಅಡಿಕೆಗೂ ಕಣ್ಣು ಮುಚ್ಚಿ ವ್ಯತ್ಯಾಸ ಹೇಳೋನು ನಾನು. ಕೊಡಿಲ್ಲಿ. ನೀನು ಪುಸ್ತಕ ಓದು, ನಾನು ಆರಿಸ್ತೀನಿ."

ಸುಬ್ಬಪ್ಪ ಓದಿದ. ಗಂಗಾಧರಪ್ಪ ಚಿಪ್ಪನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ ಆರಿಸಿದ. ಚಪ್ಪಟೆಯಾಗಿ ಹೂವಿನ ಗುರುತಿದ್ದದ್ದು ಮೊದಲು ಸಿಕ್ಕಿತು, ಹೃದಯದ ಆಕಾರದ್ದು ಆಮೇಲೆ. ದುಂಡಗೆ ಕಂಡರೂ ಒಂದು ಮಗ್ಗುಲಿಗೆ ತುಸು ಉದ್ದವಿರುವುದು ಎಕೈನೋಮೆಟ್ರಾ. ಅದನ್ನು ಪಂಚೆಯ ದಾರ ಕಿತ್ತು ಅಳೆದರು. ಹಿಂದಿನ ಸೀಟಿನವರು ಬಗ್ಗಿ ನೋಡಿದರು. ಕಂಡಕ್ಟರು ಟಿಕೆಟ್ ಕೊಡುವುದು ಬಿಟ್ಟು, "ಏನ್ರೀ ಇದು, ತಿನ್ನದಾ?" ಎಂದು ಕೇಳಿದ. ಶಿರಾಳಕೊಪ್ಪದ ಹಂಪು ಹಾರಿದಾಗ ಡಯಡೆಮಾ ಅಂಗೈಯಿಂದ ಜಿಗಿದು ಒಬ್ಬಾಕೆಯ ಹೂವಿನ ಬುಟ್ಟಿಗೆ ಬಿತ್ತು. ಪುಣ್ಯಕ್ಕೆ ಒಡೆಯಲಿಲ್ಲ. ಶಿಕಾರಿಪುರ ಬರುವಷ್ಟರಲ್ಲಿ ಒಂಬತ್ತಕ್ಕೂ ಚೀಟಿ ಅಂಟಿತ್ತು. ಎರಡೆರಡು ಸಲ ತಾಳೆ ನೋಡಿದರು. ಒಂದೂ ತಪ್ಪಿಲ್ಲ.

ಸುಬ್ಬಪ್ಪ ಎದೆ ಸೆಟೆದುಕೊಂಡೇ ಶಾಲೆಯೊಳಗೆ ಹೋದ. ನಯನ ಓಡಿ ಬಂದಳು. ಪೆಟ್ಟಿಗೆ ತೆರೆದು, ಒಂದೊಂದೇ ಚಿಪ್ಪು ಮೇಜಿನ ಮೇಲಿಟ್ಟಳು. ಇಡುತ್ತ ಇಡುತ್ತ ಮುಖ ಬಿಳಚಿಕೊಂಡಿತು.

"ಅಪ್ಪಾ... ಇವೆಲ್ಲ ಸರಿಯಾಗಿದಾವೆ!"

"ಮತ್ತೆ!" ಅಂದ ಸುಬ್ಬಪ್ಪ, ಮೀಸೆ ಸವರಿಕೊಂಡು.

"ಅಯ್ಯೋ, ನಾಲ್ಕು ತಪ್ಪಿರ್ಬೇಕಿತ್ತು! ರಜೆಗೆ ಬಂದಾಗ ನಾನೇ ಬೇಕಂತ ತಪ್ಪು ಅಂಟ್ಸಿದ್ದೆ. ತಪ್ಪು ಚೀಟಿ ಕಂಡುಹಿಡಿಯೋದೇ ಮಕ್ಕಳಿಗೆ ಸ್ಪರ್ಧೆ! ಏನೂ ಸರಿಮಾಡ್ಬೇಡ ಅಂದಿದ್ನಲ್ಲ ಅಪ್ಪಾ!"

ಸುಬ್ಬಪ್ಪ ಮೀಸೆಯಿಂದ ಕೈ ತೆಗೆದ. ಹುಟ್ಟಿದಾಗಿನಿಂದ ಮಾಡಿದ್ದೆಲ್ಲ ತಪ್ಪೇ. ಇದೊಂದು ಸರಿ ಮಾಡಿದ ಅಂದರೆ ಅದೂ ತಪ್ಪು. ಹನುಮಮ್ಮನಿಂದ ಹಿಡಿದು ಪಂಚೆಯ ದಾರದವರೆಗೆ ಎಲ್ಲ ಹೇಳಿಬಿಟ್ಟ. ಹೊರಗೆ ಮಕ್ಕಳ ಗಲಾಟೆ ಶುರುವಾಗಿತ್ತು.

"ಬೇಗ, ನಾಲ್ಕು ಚೀಟಿ ಅದಲು ಬದಲು ಮಾಡಣ. ನೀನೆರಡು, ನಾನೆರಡು."

ಸುಬ್ಬಪ್ಪ ಎಕೈನೋಮೆಟ್ರಾದ ಚೀಟಿ ಹಿಡಿದುಕೊಂಡ. ಕೈ ಮುಂದೆ ಹೋಗಲೊಲ್ಲದು. "ಆಗಲ್ಲ ಮಗಾ," ಅಂದ, "ಅಷ್ಟು ಕಷ್ಟಪಟ್ಟು ಕಲ್ತಿದೀನಿ." ನಯನ ಅವನ ಮುಖವನ್ನೇ ನೋಡಿದಳು. ಆಮೇಲೆ ನಾಲ್ಕನ್ನೂ ತಾನೇ ಬದಲಿಸಿದಳು.

ಮಕ್ಕಳು ಒಳಗೆ ಬಂದರು. ಹತ್ತು ನಿಮಿಷವಾಗಿಲ್ಲ, ಇಡೀ ಕ್ಲಾಸು ಒಂದೇ ದನಿಯಲ್ಲಿ ನಾಲ್ಕೂ ಉತ್ತರ ಕೂಗಿತು. ನಯನ ಬೆರಗಾದಳು. ಬಹುಮಾನದ ಭೂತಗನ್ನಡಿ ಹಿಡಿದು, "ಮೊದಲು ಕಂಡುಹಿಡಿದದ್ದು ಯಾರು?" ಎಂದಳು.

ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ನಾವ್ಯಾರೂ ಅಲ್ರೀ ಮಿಸ್. ಮೂಲ್ಯಾಗ ನಿಂತಾರಲ್ರೀ, ಆ ಅಜ್ಜಾರು ಎಲ್ಲರ ಕಿವಿಯಾಗೂ ಹೇಳಿದ್ರು."

ಸುಬ್ಬಪ್ಪ ತಾನೇ ಹೊರಗೆ ಹೋಗಿ ಬೆಂಚಿನ ಮೇಲೆ ಕೂತ. ಎಲ್ಲ ಮುಗಿದ ಮೇಲೆ ನಯನ ಪೆಟ್ಟಿಗೆ ಹಿಡಿದು ಬಂದು ಪಕ್ಕದಲ್ಲಿ ಕೂತಳು.

"ನಾಳೆ ಶಿರಾಳಕೊಪ್ಪದಲ್ಲಿದೆ ಅಪ್ಪಾ. ಬರ್ತೀಯಾ?"

ಸುಬ್ಬಪ್ಪನ ಕಣ್ಣು ತುಂಬಿತು. ಎರಡೂ ಕೈ ಚಾಚಿ, "ಪೆಟ್ಟಿಗೆ ಕೊಡು ಮತ್ತೆ, ಜೋಪಾನವಾಗಿ ತರ್ತೀನಿ" ಅಂದ.

ನಯನ ಪೆಟ್ಟಿಗೆಯನ್ನು ಆಚೆ ಮಗ್ಗುಲಿಗೆ ಸರಿಸಿಕೊಂಡು, ಅವನ ತೋಳು ಹಿಡಿದುಕೊಂಡಳು.

"ಪೆಟ್ಟಿಗೆ ನಾನು ತರ್ತೀನಿ. ನೀನು ಮಾತ್ರ ಬಾ."