ಕಾಕಾನ ವಿರೋಧ ಮತ್ತು ಸಂಜೆಯ ಬಸ್ಸು

ನಮ್ಮ ಕಾಕಾನ ಬಾಯಿಂದ ‘ಹೂಂ’ ಎಂಬ ಶಬ್ದ ಕೇಳಿದವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ತಮ್ಮ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಕೂಡ ಎದ್ದು ನಿಂತು, “ಈ ಮುಹೂರ್ತಕ್ಕ ನಂದು ವಿರೋಧ ಅದ!” ಎಂದಿದ್ದರಂತೆ. ವಿರೋಧ ಮುಹೂರ್ತಕ್ಕಷ್ಟೇ, ಹೆಣ್ಣಿಗಲ್ಲ ಎಂದು ಆಮೇಲೆ ತಿದ್ದುಪಡಿ ತಂದರು ಎನ್ನುತ್ತಿದ್ದಳು ನಮ್ಮ ಅಜ್ಜಿ. ಅಜ್ಜಿಯ ಮಾತಿಗೆ ಉಪ್ಪುಖಾರ ಹೆಚ್ಚು, ನಿಜ. ಆದರೆ ಅದನ್ನೆಲ್ಲ ತೊಳೆದು ತೆಗೆದರೂ ಉಳಿಯುತ್ತಿದ್ದದ್ದು ಕಾಕಾನೇ!

ಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ದೊಡ್ಡ ರಸ್ತೆ ಬಿಟ್ಟು ಒಳಗೆ ಹೊರಳಿದರೆ ನಮ್ಮೂರು. ತೊಂಬತ್ತರ ದಶಕದಲ್ಲಿ ಕಾಕಾ ಅಲ್ಲಿಯ ಪಂಚಾಯಿತಿ ಮೆಂಬರ್ ಆದರು. ಉಳಿದವರೆಲ್ಲ ಅಧ್ಯಕ್ಷರ ಕಡೆ. ಎದುರಿಗೆ ಕಾಕಾ ಒಬ್ಬರೇ. ಅಂದರೆ ವಿರೋಧ ಪಕ್ಷವೂ ಅವರೇ, ಅದರ ನಾಯಕರೂ ಅವರೇ, ಧಿಕ್ಕಾರ ಕೂಗುವವರೂ ಅವರೇ, ಅದಕ್ಕೆ ದನಿಗೂಡಿಸುವವರೂ ಅವರೇ! ರೇಡಿಯೋದಲ್ಲಿ ದಿಲ್ಲಿಯ ಸಂಸತ್ತಿನ ಸುದ್ದಿಯನ್ನು ಕಿವಿಗೆ ಹಚ್ಚಿಕೊಂಡು ಕೇಳಿ, ಮರುದಿನ ಅದೇ ಗತ್ತಿನಲ್ಲಿ ಚಾವಡಿಯಲ್ಲಿ ಎದ್ದು ನಿಲ್ಲುತ್ತಿದ್ದರು.

“ಅಧ್ಯಕ್ಷರೇ! ನಿಮ್ಮ ಓಣಿಗೆ ಇನ್ನೊಂದು ಬಲ್ಬ್ ಯಾಕ? ಇದ್ದ ಬೆಳಕು ನಿಮ್ಮ ಮೀಸಿ ನೋಡಾಕ ಸಾಲಂಗಿಲ್ಲೇನು? ಊರಾಚಿ ಓಣ್ಯಾಗ ಹೆಣ್ಮಕ್ಕಳು ಕತ್ತಲದಾಗ ನೀರು ತರಾಕತ್ತಾರ. ಅಲ್ಲಿ ಹಾಕ್ರಿ!”

“ಕುಂದರೋ ಮಾರಾಯ,” ಎನ್ನುತ್ತಿದ್ದರು ಅಧ್ಯಕ್ಷರು. ಅವರು ಕಾಕಾನ ಬಾಲ್ಯದ ದೋಸ್ತ್.

ಕೂತರೆ ಅದು ಕಾಕಾನೇ? “ಸಭಾತ್ಯಾಗ!” ಎಂದು ಹೆಗಲ ಮೇಲಿನ ಟವೆಲ್ ಕೊಡವಿ ಹೊರಗೆ ನಡೆಯುತ್ತಿದ್ದರು. ಎಲ್ಲಿಗೆ? ಎದುರಿನ ಹೋಟೆಲಿಗೆ! ಕಾಕಾನ ದನಿ ಏರತೊಡಗಿದರೆ ಸಾಕು, ಹೋಟೆಲಿನವ ಸ್ಟೋಗೆ ಪಂಪು ಹೊಡೆದು ಹಾಲಿಡುತ್ತಿದ್ದ. ‘ಧಿಕ್ಕಾರ’ ಎಂಬಷ್ಟರಲ್ಲಿ ಚಹಾ ಕುದಿ ಬಂದಿರುತ್ತಿತ್ತು. ಚಹಾ ಮುಗಿದರೆ ಸಭಾತ್ಯಾಗವೂ ಮುಗಿಯಿತು. ಒಮ್ಮೆ ಅಧ್ಯಕ್ಷರೇ ಕಿಟಕಿಯಲ್ಲಿ ತಲೆ ಹಾಕಿ, “ಏ ದೋಸ್ತ, ಹೆಂಗೂ ತ್ಯಾಗ ಮಾಡೀದಿ, ಬರೂಮುಂದ ನನಗೂ ಒಂದು ಕಪ್ ತಗೊಂಡು ಬಾ!” ಎಂದರಂತೆ. ಕಾಕಾ ತಂದುಕೊಟ್ಟರು, ಸಕ್ಕರೆ ಹಾಕಿಸದೆ. ವಿರೋಧ ಪಕ್ಷಕ್ಕೂ ಒಂದು ಮರ್ಯಾದೆ ಬೇಡವೇ?

ಊರಾಚೆಯ ಓಣಿಗೆ ದೀಪ ಹಾಕಲು ಕಡೆಗೊಮ್ಮೆ ಅಧ್ಯಕ್ಷರು ಒಪ್ಪಿದರು. ಅದನ್ನು ಸಭೆಯ ಮುಂದೆ ಇಟ್ಟ ಕೂಡಲೆ ಕಾಕಾ ರೂಢಿಯಂತೆ ಎದ್ದರು: “ವಿರೋಧ!” ಮರುಕ್ಷಣವೇ ಇದು ತಮ್ಮದೇ ಬೇಡಿಕೆ ಎಂದು ನೆನಪಾಗಿ ಕಾಕಾ ಕೆಮ್ಮಿದರು. “ವಿರೋಧ ಬಲ್ಬಿಗಲ್ಲ. ಇಷ್ಟ್ ತಡಾ ಮಾಡಿದ್ರಲ್ಲ, ಅದಕ್ಕ!”

ಹಾಗಾದರೆ ಮನೆಯಲ್ಲಿ? ಅಲ್ಲಿ ಆಡಳಿತ ಪಕ್ಷ ಕಾಕಾನ ಹೆಂಡತಿ, ನಮ್ಮ ಕಾಕು. ಮೆತ್ತನೆಯ ಹೆಂಗಸು, ಆದರೆ ರಾಜಕಾರಣದಲ್ಲಿ ಕಾಕಾನನ್ನು ಮೀರಿಸಿದವಳು. ರೊಟ್ಟಿ ಮಾಡುವ ಮನಸ್ಸಿದ್ದರೆ, “ಏನ್ರಿ, ಇವತ್ತ ಭಾತ್ ಮಾಡಲೇನು?” ಎನ್ನುವಳು. “ವಿರೋಧ! ರೊಟ್ಟಿ ಆಗಬೇಕು!” ರೊಟ್ಟಿ ಆಗುತ್ತಿತ್ತು. ಕೊಹಿನೂರು ಎಂಬ ಊರಿನ ತವರು ನೆನಪಾದರೆ, “ಈ ಸಲ ನಾ ತವರಿಗಿ ಹೋಗಾಂಗಿಲ್ರಿ” ಎನ್ನುವಳು. “ಹ್ಯಾಂಗ ಹೋಗಾಂಗಿಲ್ಲ? ವಿರೋಧ! ನಾಳಿನೇ ಹೊಂಡು!” ಕಾಕು ಗಂಟು ಕಟ್ಟುತ್ತ ನಮ್ಮತ್ತ ಕಣ್ಣು ಮಿಟುಕಿಸುವಳು. ಪಾಪ ಕಾಕಾ, ಏನೂ ತಿಳಿಯದ ಮನುಷ್ಯ ಎಂದು ನಾವೆಲ್ಲ ಒಳಗೊಳಗೇ ನಗುತ್ತಿದ್ದೆವು.

ಅಷ್ಟರಲ್ಲಿ ನನಗೆ ನಗು ಮರೆಸುವಂಥದ್ದು ಒಂದು ಬಂತು. ನಾನು ಮತ್ತು ನನ್ನ ಇಬ್ಬರು ಗೆಳತಿಯರು ಹುಮನಾಬಾದಿಗೆ ಕಾಲೇಜಿಗೆ ಹೋಗುತ್ತಿದ್ದೆವು. ಜನ ಹತ್ತುವುದಿಲ್ಲವೆಂದು ಸಂಜೆಯ ಬಸ್ಸು ನಿಂತುಹೋಯಿತು. ಕಿಕ್ಕಿರಿದ ಜೀಪಿನಲ್ಲಿ ನೇತಾಡಿಕೊಂಡು ಮನೆ ಸೇರಿದ ದಿನ ಅಪ್ಪ ಎಂದರು: “ಹಿಂಗ ದಿನಾ ಜೀವ ಕೈಯಾಗ ಹಿಡಕೊಂಡು ಕುಂದರಾಕ ನನ್ನ ಕೈಲೆ ಆಗಂಗಿಲ್ಲ ಮಗಳ. ಬಸ್ ಬಂದ್ರ ಕಾಲೇಜು. ಇಲ್ಲಂದ್ರ ಸಾಕು.”

ಇಡೀ ಪಂಚಾಯಿತಿ ಒಂದೇ ದನಿಯಲ್ಲಿ ಠರಾವು ಮಾಡಿ ಕೊಟ್ಟರೆ ನೋಡೋಣ ಎಂದರು ಬಸ್ಸಿನವರು. ಒಂದೇ ದನಿ! ಕಾಕಾ ಇರುವ ಸಭೆಯಲ್ಲಿ! ಬಲ್ಬಿನ ಕಥೆ ನೆನಪಾಗಿ ನನಗೆ ಅಳು ಬಂತು. ಕಾಕಾನೋ, ಮನೆಯಲ್ಲಿ ಈ ಬಸ್ಸಿನ ಮಾತೇ ಎತ್ತಲಿಲ್ಲ. ವಿರೋಧ ಕೂಡ ಮಾಡಲಿಲ್ಲ. ಅದೇ ಇನ್ನೂ ದೊಡ್ಡ ಹೆದರಿಕೆ!

ಕಾಕು ಸೆರಗು ಸರಿಮಾಡಿಕೊಂಡು ಅಧ್ಯಕ್ಷರ ಮನೆಗೇ ಹೋದಳು. “ಭಾವ, ಸೀದಾ ಕೇಳಿದ್ರ ಕೆಟ್ಟುಹೋಗ್ತದ. ಬಸ್ ಬ್ಯಾಡ ಅಂತ ಉಲ್ಟಾ ಇಡ್ರಿ. ಅವರು ಬೇಕು ಅಂತ ಎದ್ದು ನಿಲ್ತಾರ. ಆಗ ನೀವೆಲ್ಲ ಹೂಂ ಅಂದುಬಿಡ್ರಿ.”

ಸಭೆಯ ದಿನ ನಾವು ಮೂವರೂ ಚಾವಡಿಯ ಕಿಟಕಿಗೆ ಅಂಟಿಕೊಂಡು ನಿಂತೆವು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು: “ಹುಮನಾಬಾದಿನ ಸಂಜಿ ಬಸ್ ಊರಿಗಿ ಬ್ಯಾಡ ಅಂತ ಠರಾವು.” ಮೆಂಬರರೆಲ್ಲ ಹೇಳಿಕೊಟ್ಟಂತೆ ಕೈ ಎತ್ತಿದರು. ಎದುರಿನ ಹೋಟೆಲಿನವ ಸ್ಟೋಗೆ ಪಂಪು ಹೊಡೆದ.

ಕಾಕಾ ಎದ್ದರು. ಆದರೆ ದನಿ ಏರಲೇ ಇಲ್ಲ.

“ಅಧ್ಯಕ್ಷರೇ, ಈ ಆಟ ನಮ್ಮ ಮನ್ಯಾಗ ದಿನಾ ಆಡತಾರ. ಭಾತ್ ಅಂದ್ರ ರೊಟ್ಟಿ, ಹೋಗಂಗಿಲ್ಲ ಅಂದ್ರ ತವರು. ನನಗ ತಿಳಿಯಂಗಿಲ್ಲ ಅಂದ್ಕೊಂಡೀರೇನು? ತವರಿಗಿ ಹೋಗ್ತೀನಿ ಅಂತ ಬಾಯಿಬಿಟ್ಟು ಕೇಳಾಕ ಆಕಿ ನಾಚತಾಳ. ಅದಕ್ಕ ನಾ ವಿರೋಧ ಮಾಡ್ತೀನಿ.”

ಎತ್ತಿದ್ದ ಕೈಗಳು ಒಂದೊಂದಾಗಿ ಕೆಳಗಿಳಿದವು.

“ಆದ್ರ ಇದು ರೊಟ್ಟಿ ಮಾತಲ್ಲ. ನಮ್ಮ ಪೋರಿಗೋಳ ಸಾಲಿ ಏನು ಕದ್ದ ಮಾಲೇನು, ಹಿತ್ತಲ ಬಾಗಿಲಿಂದ ತರಾಕ? ಬಸ್ ಬೇಕು ಅಂತ ಸೀದಾ ಇಡ್ರಿ. ನಾ ಕೈ ಎತ್ತತೀನಿ.”

ಅಧ್ಯಕ್ಷರು ತಲೆ ತಗ್ಗಿಸಿ ಸೀದಾ ಇಟ್ಟರು. ಎಲ್ಲರಿಗಿಂತ ಮೊದಲು ಮೇಲೆದ್ದದ್ದು ಕಾಕಾನ ಕೈ. ಆದರೂ ಹುಟ್ಟುಗುಣ ಎಲ್ಲಿ ಹೋದೀತು? “ಒಂದು ತಿದ್ದುಪಡಿ! ಬಸ್ ಕ್ರಾಸಿನ್ಯಾಗ ನಿಲ್ಲೂದಕ್ಕ ನಂದು ವಿರೋಧ. ಊರಾಗಿನ ಕಟ್ಟಿ ತನಕ ಒಳಗ ಬರಬೇಕು!” ಅದಕ್ಕೂ ಎಲ್ಲರ ಕೈಗಳು ಎದ್ದವು. ಧಿಕ್ಕಾರಕ್ಕೆ ಕಾದು ಕಾದು ಹೋಟೆಲಿನವನ ಹಾಲು ಉಕ್ಕಿಹೋಗಿತ್ತು!

ಬಸ್ಸು ಬಂತು, ಕಟ್ಟೆಯ ತನಕ. ನನ್ನ ಕಾಲೇಜು ಮುಗಿಯುವವರೆಗೂ ಕಾಕಾ ಸಂಜೆ ಕಟ್ಟೆಯ ಮೇಲೆ ಕಾದು ಕೂತಿರುತ್ತಿದ್ದರು. ನಾನು ಇಳಿದರೆ ನನ್ನತ್ತ ನೋಡುತ್ತಿರಲಿಲ್ಲ. ಕಂಡಕ್ಟರನತ್ತ ತಿರುಗಿ, “ಇಷ್ಟ್ ತಡಾ ಯಾಕ?” ಎಂದು ವಿರೋಧ ದಾಖಲಿಸಿ ಮುಂದೆ ನಡೆಯುತ್ತಿದ್ದರು, ನಾನು ಹಿಂದೆ. ಗುಟ್ಟು ರಟ್ಟಾದ ಮೇಲೆ ಮನೆಯ ಆಟ ನಿಂತಿತೇ? ಎಲ್ಲಿಯದು! ಕಾಕು ಭಾತ್ ಎಂದೇ ಕೇಳುವಳು, ಕಾಕಾ ವಿರೋಧ ಎಂದೇ ಕೂಗುವರು. ಇಬ್ಬರಿಗೂ ಗೊತ್ತು, ಈಗ ಇಬ್ಬರೂ ನಗುವರು.

ನಾನು ಹುಮನಾಬಾದಿನಲ್ಲೇ ಶಿಕ್ಷಕಿಯಾದೆ. ಕೆಲವು ವರ್ಷಗಳ ಮೇಲೆ ಕಾಕಾ ತೀರಿಕೊಂಡರು. ಅವರಿಲ್ಲದ ಸಭೆಯಲ್ಲಿ ಎಲ್ಲವೂ ಬೇಗ ಬೇಗ ಪಾಸಾಗುತ್ತದೆ, ಮಾತೇ ಇಲ್ಲ ಎಂದು ಅಧ್ಯಕ್ಷರು ನನ್ನೆದುರು ಕಣ್ಣೊರೆಸಿಕೊಂಡರು.

ದಿನಗಳು ಕಳೆದ ಮೇಲೆ ಒಂದು ಸಂಜೆ ಅದೇ ಬಸ್ಸಿನಿಂದ ಇಳಿದು ಕಾಕುವಿನ ಮನೆಗೆ ಹೋದೆ. ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕೂತಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತಿಲ್ಲ. ಮುಂದೆ ನಾದಿಟ್ಟ ಜೋಳದ ಹಿಟ್ಟು, ಒಲೆಯ ಮೇಲೆ ಹಂಚು.

“ಏನ್ರಿ,” ಎಂದಳು ಖಾಲಿ ಪಡಸಾಲೆಗೆ ಕೇಳಿಸುವಂತೆ, “ಇವತ್ತ ಭಾತ್ ಮಾಡಲೇನು?”

ಹಿಟ್ಟಿನ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕಾದಳು.

ನಾನು ಹೊಸ್ತಿಲಲ್ಲೇ ನಿಂತು, ಇದ್ದಬದ್ದ ದನಿಯನ್ನೆಲ್ಲ ಕೂಡಿಸಿ ಕೂಗಿದೆ:

“ವಿರೋಧ!”

ಕಾಕು ತಿರುಗಿ ನೋಡಲಿಲ್ಲ. ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡು ರೊಟ್ಟಿ ತಟ್ಟತೊಡಗಿದಳು.