ನೆಲ ಮುಟ್ಟಿದ ಮೇಲೆ ಸಂಬಳ

ದೇಶನೂರಿನ ಹೆಲಿಪ್ಯಾಡಿನ ನಟ್ಟನಡುವೆ ಯಾರೋ ಮುದುಕಿ ಭತ್ತದ ರಾಶಿ ಹಾಕಿದ್ದಾಳೆಂಬ ಸುದ್ದಿ ನಯಾಜನಿಗೆ ತಲುಪಿದ್ದು ಅವನು ಹಲ್ಲುಜ್ಜುತ್ತಿದ್ದಾಗ. ಫೋನು ಮಾಡಿದವನು ಸಿರುಗುಪ್ಪದ ಶಾಮಿಯಾನದ ಮಾರೆಣ್ಣ.

“ಸಾಹೇಬ್ರ, ಪೆಂಡಾಲ್ ಹಾಕಾಕ ಬಂದೀನಿ. ಇಲ್ಲಿ ಹೆಲಿಕಾಪ್ಟರ್ ಇಳಿಯಾಕ ಜಾಗ ಇಲ್ಲ. ಭತ್ತ ಇಳದೈತಿ.”

ನಯಾಜ್ ಬಾಯಲ್ಲಿದ್ದ ಪೇಸ್ಟನ್ನು ನುಂಗಿಬಿಟ್ಟ. ನುಂಗದೆ ಏನು ಮಾಡಿಯಾನು ಹೇಳಿ. ಆರು ತಿಂಗಳ ಹಿಂದಿನವರೆಗೆ ಅವನು ಬಳ್ಳಾರಿಯ ಗಾಂಧಿನಗರದಲ್ಲಿ, ಹೆಂಡತಿಯ ಅಣ್ಣ ಚಾಂದಸಾಬನ ಬಸ್ ಬುಕಿಂಗ್ ಆಫೀಸಿನಲ್ಲಿ ಕುಳಿತು ಬೆಂಗಳೂರು, ಹೈದರಾಬಾದಿನ ಟಿಕೆಟ್ ಹರಿಯುತ್ತಿದ್ದವನು. ಅದು ಅದಿರಿನ ಕೆಂಪು ಮಣ್ಣು ಅಗೆದವರೆಲ್ಲ ಧಣಿಗಳಾದ ಕಾಲ. ಒಬ್ಬೊಬ್ಬ ಧಣಿಗೆ ಒಂದೊಂದು ಹುಚ್ಚು. ಪಕ್ಕೀರಪ್ಪ ಧಣಿಗೆ ವಿಮಾನದ ಹುಚ್ಚು. “ರಸ್ತಿ ಎಲ್ಲಾ ನಮ್ಮ ಲಾರಿಗಳಾ ತಿಂದಾವ. ಇನ್ನ ಮಂದಿ ಮ್ಯಾಲಿಂದ ಹೋಗ್ಲಿ” ಎಂದು ಅವನು ಒಂದು ಹೆಲಿಕಾಪ್ಟರ್ ತರಿಸಿ ‘ಪಕ್ಕೀರ ಏರ್‌ವೇಸ್’ ಎಂದು ಬೋರ್ಡು ಹಾಕಿದ. ನಡೆಸುವುದಕ್ಕೆ ಅನುಭವ ಇದ್ದವರು ಬೇಕಲ್ಲ. ಟಿಕೆಟ್ ಹರಿಯುವುದರಲ್ಲಿ ನಯಾಜನಷ್ಟು ಅನುಭವ ಊರಲ್ಲಿ ಯಾರಿಗಿತ್ತು? ಹೀಗೆ ಅವನು ವಿಮಾನ ಕಂಪನಿಯ ಚೀಫ್ ಎಕ್ಸಿಕ್ಯುಟಿವ್ ಆದ. ಕೋಟು ಹೊಲಿಸಿಕೊಂಡ, ಕನ್ನಡಿಯಂಥ ಬೂಟು ಕೊಂಡ.

ಸಂಬಳದ ಮಾತು ಬಂದಾಗ ಧಣಿ ಹೇಳಿದ್ದು ಒಂದೇ. “ಬಳ್ಳಾರಿ ಬಿಟ್ಟು ಇನ್ನೊಂದೂರಿನ ನೆಲಕ್ಕ ಇದರ ಕಾಲು ಯಾವತ್ತು ಮುಟ್ತೈತೋ, ಅವತ್ತಿಂದ ನಿನ್ನ ಸಂಬಳ ಶುರು.”

ಆ ದಿನ ಇವತ್ತೇ. ಸಂಜೆ ನಾಲ್ಕಕ್ಕೆ ಧಣಿ ಮುಂಬೈಯ ಪಾಲುದಾರರನ್ನು ಕೂರಿಸಿಕೊಂಡು ದೇಶನೂರಿನಲ್ಲಿ ಇಳಿಯಬೇಕು. ಪಾಲುದಾರರು ಮೆಚ್ಚಿದರೆ ಮುಂದೆ ದುಬೈಗೂ ವಿಮಾನ. ಇಷ್ಟು ದಿನ ಮನೆಗೆ ಅಕ್ಕಿ, ಎಣ್ಣೆ ಕಳಿಸಿದವನು ಚಾಂದಸಾಬ್. ಕಳಿಸಿದಾಗೆಲ್ಲ ಒಂದು ಮಾತನ್ನೂ ಕಳಿಸುತ್ತಿದ್ದ. “ಅವಸರ ಇಲ್ಲ ನಯಾಜ್. ನಿನ್ನ ಕುರ್ಚಿ ದಿನಾ ಒರಸಿ ಇಟ್ಟೀನಿ.”

ಹೆಂಡತಿ ಸಾಜಿಯಾ ಬಾಗಿಲಲ್ಲಿ ಕೋಟಿನ ಧೂಳು ಕೊಡವಿದಳು. “ಇವತ್ತಿಂದ ಸಂಬಳ ಅಂತ ಓಣಿಗೆಲ್ಲಾ ಹೇಳೀನಿ. ಮಾನ ಕಳೀಬ್ಯಾಡ್ರಿ.”

ಕಂಪನಿಯ ಜೀಪು ಪಾಲುದಾರರ ಸೇವೆಗೆ ಹೋಗಿತ್ತು. ವಿಮಾನ ಕಂಪನಿಯ ಮುಖ್ಯಸ್ಥ ಸಿರುಗುಪ್ಪದ ಬಸ್ಸಿನಲ್ಲಿ ನಿಂತುಕೊಂಡು ಹೊರಟ. ಕುರುಗೋಡಿನ ಹತ್ತಿರ ಅದಿರಿನ ಲಾರಿಯೊಂದು ರಸ್ತೆಗೆ ಅಡ್ಡಲಾಗಿ ಮಲಗಿತ್ತು. ಅದರ ಹಣೆಯ ಮೇಲೆ ಪಕ್ಕೀರಪ್ಪ ಧಣಿಯದೇ ಹೆಸರು. ಯಾರನ್ನು ಬೈಯುವುದೆಂದು ತಿಳಿಯದೆ ನಯಾಜ್ ಬೆವರು ಒರೆಸಿಕೊಂಡ. ದೇಶನೂರು ಮುಟ್ಟುವಾಗ ಹೊತ್ತು ನೆತ್ತಿಯ ಮೇಲಿತ್ತು.

ಹೆಲಿಪ್ಯಾಡು ನೋಡಿದರೆ ಮುದುಕಿಯ ತಪ್ಪೇನೂ ಇರಲಿಲ್ಲ. ನುಣ್ಣನೆಯ ಸಿಮೆಂಟು, ಚೆಂದಕ್ಕೆಂದು ಧಣಿ ಕಟ್ಟಿಸಿದ ಮೊಳಕಾಲೆತ್ತರದ ಸುತ್ತುಕಟ್ಟೆ. ಇಂಥ ಕಣ ಸಿರುಗುಪ್ಪ ತಾಲೂಕಿನಲ್ಲೇ ಇರಲಿಲ್ಲ. ನಡುವೆ ಬಡಿದ ಭತ್ತ, ಹೊಟ್ಟು ಸಮೇತ ಆಳೆತ್ತರ ಬಿದ್ದಿತ್ತು. ಪಕ್ಕದಲ್ಲಿ ಮೊರ ಹಿಡಿದು ಆ ಮುದುಕಿ, ಕೊಟ್ರಬಸಮ್ಮ, ಕುಳಿತಿದ್ದಳು.

“ಯವ್ವಾ, ಇದು ಕಣ ಅಲ್ಲ. ಹೆಲಿಪ್ಯಾಡು” ಎನ್ನುತ್ತ ನಯಾಜ್ ಕಟ್ಟೆ ದಾಟಿದ.

“ಮದ್ಲು ಬೂಟು ಬಿಡು. ರಾಶಿ ಐತಿ.”

ನಯಾಜ್ ಹಿಂದಕ್ಕೆ ಹೋಗಿ ಬೂಟು ಬಿಟ್ಟು ಬಂದ. “ಇದು ಮ್ಯಾಲಿಂದ ಇಳಿಯೋ ಜಾಗ, ಯವ್ವಾ.”

“ಯಾವತ್ತರ ಇಳದೈತೇನು?”

ನಯಾಜ್ ಮಾತು ತಿರುಗಿಸಿದ. ಆಳು ಹಚ್ಚಿ ತೆಗೆಸುತ್ತೇನೆ ಎಂದ. ಮುದುಕಿ ಮೊರ ಕೆಳಗಿಟ್ಟಳು.

“ತೂರದ ರಾಶಿಗಿ ಪೂಜಿ ಇಲ್ಲ. ಪೂಜಿ ಆಗದ ರಾಶಿ ಕಣದಿಂದ ಎತ್ತಂಗಿಲ್ಲ. ನಮ್ಮ ಅತ್ತಿ ಕಾಲದಿಂದ ಹಿಂಗಾ ನಡದೈತಿ. ಗಾಳಿ ಬಂದ್ರ ಈಗಿಂದೀಗ ತೂರ್ತೀನಿ. ಎಲ್ಲೈತಿ ಗಾಳಿ, ತೋರ್ಸು ನೋಡಾನ.”

ನಯಾಜ್ ಸುತ್ತ ನೋಡಿದ. ಬೇವಿನ ಮರದಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಅಷ್ಟರಲ್ಲಿ ಊರಿನ ಅರ್ಧ ಮಂದಿ ನೆರೆದಿದ್ದರು, ಎಲ್ಲರೂ ಮುದುಕಿಯ ಕಡೆ. ರಾಶಿ ಮುಟ್ಟಿದರೆ ಒಳ್ಳೆಯದಾಗುವುದಿಲ್ಲವೆಂದು ಒಬ್ಬ ಹೇಳಿದರೆ, ಹೆಲಿಕಾಪ್ಟರನ್ನು ಕೆಂಚನಗುಡ್ಡದ ಹೊಳೆ ದಂಡೆಯಲ್ಲಿ ಇಳಿಸಿ ಎಂದು ಇನ್ನೊಬ್ಬ. ಧಣಿಗೆ ಫೋನು ಮಾಡಿದರೆ ಸ್ವಿಚ್ ಆಫ್.

“ಗಾಳಿ ತಾನ ಬೇಕು, ನನ್ನತ್ರ ಐತಿ” ಎಂದ ಮಾರೆಣ್ಣ. ಮದುವೆಗೆ ಬಾಡಿಗೆ ಕೊಡುವ ನಿಲ್ಲುವ ಫ್ಯಾನುಗಳನ್ನು ಟ್ರ್ಯಾಕ್ಟರಿನಲ್ಲಿ ತರಿಸಿ, ಜನರೇಟರ್ ಹಚ್ಚಿದ. ಫ್ಯಾನು ತಿರುಗಿತು. ಕೊಟ್ರಬಸಮ್ಮ ಮೊರ ಎತ್ತಿದಳು. ಆದರೆ ಫ್ಯಾನಿನ ಮುಖ ಪೆಂಡಾಲಿನ ಕಡೆಗಿತ್ತು. ಹೊಟ್ಟೆಲ್ಲ ಹೋಗಿ ಪಾಲುದಾರರಿಗೆಂದು ತಟ್ಟೆಯಲ್ಲಿ ಜೋಡಿಸಿದ್ದ ಮೈಸೂರು ಪಾಕಿನ ಮೇಲೆ ಕೂತಿತು. ನಯಾಜ್ ಓಡಿ ಹೋಗಿ ಫ್ಯಾನು ತಿರುಗಿಸುವಷ್ಟರಲ್ಲಿ ಜನರೇಟರ್ ಕೆಮ್ಮಿ ಕೆಮ್ಮಿ ನಿಂತಿತು.

“ಡೀಸಲ್ ಆಗೈತಿ. ಸಿರುಗುಪ್ಪಕ್ಕ ಹೋಗಿ ತರ್ತೀನಿ” ಎಂದು ಮಾರೆಣ್ಣ ಬೈಕ್ ಹತ್ತಿದ.

ಅವನು ಹೋದ ದಾರಿಯ ಧೂಳು ಇನ್ನೂ ಇಳಿದಿರಲಿಲ್ಲ, ಆಕಾಶದಲ್ಲಿ ಗುಡುಗುಡು ಸದ್ದಾಯಿತು. ನಯಾಜ್ ಗಡಿಯಾರ ನೋಡಿದ, ನಾಲ್ಕು ಗಂಟೆ. ರಾಶಿಯ ಮೇಲೆ ಇಳಿಸಿದರೆ ಊರವರು ಬಿಡುವುದಿಲ್ಲ, ಇಳಿಸದಿದ್ದರೆ ಸಂಬಳವಿಲ್ಲ, ಇಳಿಸಲು ಹೋಗಿ ಹೆಚ್ಚುಕಡಿಮೆಯಾದರೆ ಧಣಿಯೇ ಇರುವುದಿಲ್ಲ. ಯಾ ಅಲ್ಲಾ ಎಂದು ಅವನು ಪಕ್ಕದಲ್ಲಿ ನಿಂತಿದ್ದವನೊಬ್ಬನ ಹೆಗಲಿನಿಂದ ಕೆಂಪು ಟವೆಲ್ ಎಳೆದುಕೊಂಡ. ರಾಶಿಯ ಪಕ್ಕ ನಿಂತು, ಬರಬೇಡಿ, ಮೇಲಕ್ಕೆ ಹೋಗಿ ಎಂದು ತಲೆಯ ಮೇಲೆ ಬೀಸತೊಡಗಿದ.

ಮೇಲಿದ್ದವರು ಅದನ್ನು ಸ್ವಾಗತವೆಂದುಕೊಂಡರು. ಅವನು ಬೀಸಿದಷ್ಟೂ ಹೆಲಿಕಾಪ್ಟರ್ ಕೆಳಗೆ ಬಂತು. ತೆಂಗಿನ ಮರದೆತ್ತರಕ್ಕೆ ಬಂದಾಗ ಪೈಲಟ್ಟಿಗೆ ರಾಶಿ ಕಂಡಿರಬೇಕು, ಅಲ್ಲಿಯೇ ನಿಲ್ಲಿಸಿದ. ಮುಂದೆ ಆದದ್ದನ್ನು ದೇಶನೂರಿನವರು ಇವತ್ತಿಗೂ ಹೇಳುತ್ತಾರೆ. ಪೆಂಡಾಲು ಎದ್ದು ಕಾಲುವೆ ದಾಟಿತು. ಹೊಟ್ಟು ಹಳದಿ ಮೋಡವಾಗಿ ಎದ್ದು ಊರಿನ ಮೇಲೆ ಹೋಯಿತು. ಕಾಳು ಮಾತ್ರ ಕಟ್ಟೆಗೆ ಬಡಿದು ಒಳಗೇ ಬಿತ್ತು. ನಯಾಜ್ ಕಣ್ಣು ಮುಚ್ಚಿ ಟವೆಲ್ ಬೀಸುತ್ತಲೇ ಇದ್ದ. ಅವನು ಕಣ್ಣು ಬಿಟ್ಟಾಗ ಹೆಲಿಕಾಪ್ಟರ್ ಬಳ್ಳಾರಿಯ ಕಡೆ ಚಿಕ್ಕದಾಗುತ್ತಿತ್ತು.

ನೆಲ ಮುಟ್ಟಲಿಲ್ಲ. ಅವನಿಗೆ ಅಲ್ಲೇ ಕುಳಿತು ಅಳಬೇಕೆನಿಸಿತು.

ಕೊಟ್ರಬಸಮ್ಮ ಬೊಗಸೆ ತುಂಬ ಕಾಳು ಎತ್ತಿ ನೋಡಿದಳು. ಬಂಗಾರದಂಥ ಕಾಳು. ತಡಮಾಡದೆ, ಡೀಸಲ್ ತಂದ ಮಾರೆಣ್ಣನ ಎದುರಿಗೇ ರಾಶಿಗೆ ಪೂಜೆ ಮಾಡಿ, ಕಾಯಿ ಒಡೆದು, ಒಂದು ಸಣ್ಣ ಚೀಲ ತುಂಬಿ ನಯಾಜನ ಹೆಗಲಿಗೇರಿಸಿದಳು.

“ಇದೇನ್ ಯವ್ವಾ?”

“ಆಯ. ಬಡಗ್ಯಾಗ, ಕಮ್ಮಾರಗ ಕಣದಾಗ ಕೂಲಿ ಅಂತ ಕಾಳು ಕೊಡಂಗಿಲ್ಲೇನು? ನೀನು ಗಾಳಿ ಆಯಗಾರ. ಮುಂದಿನ ಸುಗ್ಗಿಗೂ ಬಾ.”

ಬೂಟು ಹೊಟ್ಟಿನ ಜೊತೆ ಎಲ್ಲಿಗೋ ಹೋಗಿತ್ತು. ಹುಡುಕುತ್ತಿದ್ದಾಗ ಫೋನು ಬಂತು. ಧಣಿ.

“ಧಣಿ, ನನ್ನ ತಪ್ಪಿಲ್ಲ, ಆ ಮುದುಕಿ...”

“ಏನ್ ತೆಲಿ ಐತಪ ನಿಂದು. ಪಾಲುದಾರ್ರು ಖುಷಿ ಆಗ್ಯಾರ. ದುಬೈ ಬ್ಯಾಡಂತ, ಈ ರಾಶಿ ತೂರೋದಾ ಚಲೋ ಐತಂತ. ಬಳ್ಳಾರ್ಯಾಗ ಇಳಿಯೋದ್ರಾಗ ಕೆಂಚನಗುಡ್ಡದಿಂದ ಫೋನು ಬಂತು, ನಮ್ಮ ಕಣಕ್ಕೂ ಕಳಸ್ರಿ ಅಂತ. ನಾಳಿಂದ ಮದ್ಲು ನೀ ಹೋಗಿ ಟವೆಲ್ ಬೀಸು. ನಿನ್ನಂಗ ಬೀಸೋರು ಯಾರಿಲ್ಲ.”

ನಯಾಜನಿಗೆ ಜೀವ ಬಂತು. “ಹಂಗಾರ ಧಣಿ, ಸಂಬಳ ಇವತ್ತಿಂದಾ ಶುರು?”

“ನೆಲಕ್ಕ ಎಲ್ಲಿ ಮುಟ್ಟಿತಪ?”

“ನಾಳಿ ಮುಟ್ತೈತಲ್ರಿ.”

“ತೂರೋ ಕೆಲಸದಾಗ ಅದು ನೆಲ ಮುಟ್ಟಿದ್ರ ರಾಶಿ ಗತಿ ಏನು? ಮುಟ್ಟಂಗಾ ಇಲ್ಲ. ಮುದುಕಿ ಆಯ ಕೊಟ್ಟಾಳಂತಲ್ಲ, ಮಾರೆಣ್ಣ ಹೇಳ್ದ. ಅದನ್ನ ನೀನಾ ಇಟ್ಕೋ” ಎಂದು ಧಣಿ ಫೋನಿಟ್ಟ.

ಬರಿಗಾಲಲ್ಲಿ, ತಲೆ ತುಂಬ ಹೊಟ್ಟು, ಹೆಗಲ ಮೇಲೆ ಚೀಲ ಹೊತ್ತು ನಯಾಜ್ ಗಾಂಧಿನಗರದ ಓಣಿ ಹೊಕ್ಕಾಗ ದೀಪ ಹಚ್ಚುವ ಹೊತ್ತು. ಬಾಗಿಲಲ್ಲಿ ಸಾಜಿಯಾ ನಿಂತಿದ್ದಳು, ಪಕ್ಕದಲ್ಲಿ ಚಾಂದಸಾಬ್.

“ಸಂಬಳ ಶುರು ಆತೇನ್ರಿ?” ಎಂದಳು ಸಾಜಿಯಾ ಓಣಿಗೆ ಕೇಳುವಂತೆ.

ನಯಾಜ್ ಚೀಲವನ್ನು ಹೊಸ್ತಿಲ ಮೇಲಿಟ್ಟ. ಚಾಂದಸಾಬ್ ಬಗ್ಗಿ ಒಂದು ಹಿಡಿ ಭತ್ತ ಎತ್ತಿ, ಅಂಗೈಯಲ್ಲಿ ಉಜ್ಜಿ, ಮೆಲ್ಲಗೆ ಊದಿ ನೋಡಿದ.

“ಜೊಳ್ಳು ಉಳದೈತಿ ನಯಾಜ್” ಎಂದ. “ಇನ್ನೊಮ್ಮೆ ತೂರಸ್ಬೇಕಿತ್ತು.”